ಕಾಣೆಯಾದ ಸೂಜಿಮೊನೆ

"ಇದರ ಮೊನೆ ಎಲ್ಲಿ?"

ನರ್ಸಮ್ಮ ಒಳಗೆ ಬಂದು ಕೇಳಿದ ಮೊದಲ ಪ್ರಶ್ನೆ ಅದು. ಅವರ ಕೈಯಲ್ಲಿ ಒಂದು ಬಿಳಿ ಕಾರ್ಡು. ಕಾರ್ಡಿನ ಮೇಲೆ, ಅಂಟುಪಟ್ಟಿಯಡಿ, ಮುರಿದ ಹೊಲಿಗೆ ಸೂಜಿಯ ಎರಡು ತುಂಡು — ದಪ್ಪನೆಯ ಬುಡ, ನಡುವಿನ ಚೂರು. ಮೂರನೆಯದು ಇರಬೇಕಾದ ಜಾಗ ಖಾಲಿ.

"ಹುಡುಕ್ತಾ ಇದೀವಮ್ಮ," ಎಂದರು ಕಾರ್ಖಾನೆಯ ಯಜಮಾನರು.

"ಯಾವಾಗಿಂದ?"

"ನಿನ್ನೆ ಮಧ್ಯಾಹ್ನ ಎರಡೂವರೆಯಿಂದ."

"ಈಗ ಬೆಳಿಗ್ಗೆ ಹತ್ತು. ಜೀರಿಗೆ ಕಾಳಿನಷ್ಟು ಉದ್ದದ ಉಕ್ಕು. ಅದಕ್ಕೇನು ರೆಕ್ಕೆ ಬಂತಾ?"

ಯಾರೂ ನಗಲಿಲ್ಲ. ನಾನಂತೂ ನಗುವ ಸ್ಥಿತಿಯಲ್ಲಿರಲಿಲ್ಲ.

ನಾನು ಈ ಕಾರ್ಖಾನೆಯ ಸೂಪರ್‌ವೈಸರ್. ಈ ಕಥೆಯನ್ನು ನಾನೇ ಹೇಳಬೇಕು. ಬೇರೆ ಯಾರಾದರೂ ಹೇಳಿದರೆ ಅಯ್ಯೋ ಪಾಪ ಎಂದು ನನ್ನ ಮರ್ಯಾದೆ ಸ್ವಲ್ಪ ಉಳಿಸಿ ಹೇಳಿಯಾರು. ಉಳಿಸುವಂಥದ್ದು ಅಲ್ಲೇನೂ ಇರಲಿಲ್ಲ.

ನಾವು ಹೊಲಿಯುವುದು ಎಳೆಗೂಸುಗಳ ಅಂಗಿ. ಇಪ್ಪತ್ತೆರಡು ಮಷೀನು. ಮಾಲು ಹೋಗುವುದು ಆಸ್ಪತ್ರೆಯ ಹೆರಿಗೆ ವಾರ್ಡಿಗೆ. ಹುಟ್ಟಿ ಎರಡು ಗಂಟೆಯೂ ಆಗದ ಮೈಗೆ ತಾಗುವ ಬಟ್ಟೆ. ಹಾಗಾಗಿ ನಮ್ಮಲ್ಲೊಂದು ಕಟ್ಟಳೆ ಇದೆ. ಸೂಜಿ ಮುರಿದರೆ, ಮುರಿದವಳು "ಸೂಜಿ!" ಎಂದು ಕೂಗಬೇಕು. ಆ ಕ್ಷಣದಿಂದ ಕೂತವರು ಕೂತಲ್ಲೇ, ನಿಂತವರು ನಿಂತಲ್ಲೇ. ಪ್ರತಿಯೊಬ್ಬರೂ ಮೊದಲು ತಲೆ ತಗ್ಗಿಸಿ ತಮ್ಮ ಮಡಿಲು ನೋಡಿಕೊಳ್ಳಬೇಕು. ಎಲ್ಲ ಚೂರೂ ಸಿಕ್ಕಿ ಕಾರ್ಡಿಗೆ ಅಂಟಿದ ಮೇಲಷ್ಟೇ ಕಾಲೆತ್ತುವುದು. ಮೊದಲೇ ಕಾಲೆತ್ತಿದವರಿಗೆ ಮರುದಿನದಿಂದ ಕೆಲಸವಿಲ್ಲ. ಧೂಳು ಒಳಗೆ ಬರಬಾರದೆಂದು ಚಪ್ಪಲಿ, ಬೂಟುಗಳನ್ನು ಹೊರಗಿನ ಗೂಡಿನಲ್ಲೇ ಬಿಡುತ್ತೇವೆ. ಒಳಗೆ ಬರಿಗಾಲು, ಇಲ್ಲವೇ ಸಾಕ್ಸು.

ಮುರಿದದ್ದು ಏಳನೇ ಮಷೀನಿನಲ್ಲಿ. ಅಲ್ಲಿ ಕೂರುವವಳು ನನ್ನ ನಾದಿನಿ. ಹೆಂಡತಿಯ ಸ್ವಂತ ತಂಗಿ. ಅವಳನ್ನು ಕೆಲಸಕ್ಕೆ ಸೇರಿಸಿದವನೂ ನಾನೇ. ಮನೆಯಲ್ಲಿ ನಾನು ಅವಳಿಗೆ ಭಾವ, ಕಾರ್ಖಾನೆಯಲ್ಲಿ ಸರ್.

ಮೊನೆ ಸಿಗಲಿಲ್ಲ. ಉದ್ದ ಹಿಡಿಯ ಆಯಸ್ಕಾಂತವನ್ನು ನೆಲದ ಮೇಲೆಲ್ಲ ಆಡಿಸಿದೆವು. ಮಷೀನು ಬಿಚ್ಚಿದೆವು. ನಿನ್ನೆ ಹೊಲಿದ ನಾನೂರ ಅರವತ್ತು ಅಂಗಿಗಳನ್ನು ಒಂದೊಂದಾಗಿ ಆಯಸ್ಕಾಂತದ ಮೇಲೆ ಎಳೆದೆವು. ಏನೂ ಇಲ್ಲ. ಅಷ್ಟರಲ್ಲಿ ನಾದಿನಿ ಒಂದು ಮಾತು ಹೇಳಿದ್ದಳು — ಕೂಗು ಬಿದ್ದ ಮೇಲೆ ಸೂಪರ್‌ವೈಸರ್ ನಡೆದು ತನ್ನ ಹತ್ತಿರ ಬಂದರು, ಅಂತ. ಯಜಮಾನರು ನನ್ನನ್ನು ಕೇಳಿದರು. "ನಾನಾ? ಬಾಗಿಲು ಬಿಟ್ಟು ಕದಲಿಲ್ಲ ಸ್ವಾಮಿ," ಎಂದೆ. ಉಳಿದವರೆಲ್ಲ ಕಟ್ಟಳೆಯ ಪ್ರಕಾರ ತಲೆ ತಗ್ಗಿಸಿ ಮಡಿಲು ನೋಡಿಕೊಳ್ಳುತ್ತಿದ್ದರು. ಯಾರೂ ನೋಡಿರಲಿಲ್ಲ.

ಯಜಮಾನರ ಲೆಕ್ಕಾಚಾರ ಸರಳವಾಗಿತ್ತು. ಸುಳ್ಳು ಹೇಳಿದವಳೇ ಮೊನೆ ಬಚ್ಚಿಟ್ಟವಳು. ಹೋದ ವಾರ ಅವಳು ಜಾಗ ಬದಲಾಯಿಸಿ ಕೊಡಿ ಎಂದು ಜಗಳವಾಡಿದ್ದಳಲ್ಲ, ಆ ಸಿಟ್ಟಿಗೆ ಕೆಲಸ ನಿಲ್ಲಿಸಿದ್ದಾಳೆ. ಇವತ್ತು ಸಂಜೆ ನಾಲ್ಕರೊಳಗೆ ಮೊನೆ ತೋರಿಸಬೇಕು. ಇಲ್ಲವಾದರೆ ಅವಳು ಮನೆಗೆ, ಅದೂ ಎಳೆಗೂಸುಗಳ ಬಟ್ಟೆಯಲ್ಲಿ ಸೂಜಿಯಾಟ ಆಡಿದವಳು ಎಂಬ ಹೆಸರು ಹೊತ್ತು. ಆ ಹೆಸರು ಹೊತ್ತವಳನ್ನು ಇನ್ನಾವ ಹೊಲಿಗೆ ಕೋಣೆಯೂ ಹತ್ತಿರ ಸೇರಿಸುವುದಿಲ್ಲ. ಅವಳಿಗೆ ಗೊತ್ತಿರುವ ಕೆಲಸ ಅದೊಂದೇ.

ನರ್ಸಮ್ಮ ಆಸ್ಪತ್ರೆಯ ಕಡೆಯಿಂದ ಮಾಲು ತಪಾಸಣೆಗೆ ಬರುವವರು. ಅದಕ್ಕೂ ಮೊದಲು ಮೂವತ್ತು ವರ್ಷ ಆಪರೇಷನ್ ಥಿಯೇಟರಿನಲ್ಲಿ ಸೂಜಿ, ಕತ್ತರಿ, ಹತ್ತಿ ಎಣಿಸಿದವರು. ಎಣಿಕೆ ತಾಳೆಯಾಗದಿದ್ದರೆ ಎಂಥ ದೊಡ್ಡ ಡಾಕ್ಟರನ್ನೂ ಹೊಟ್ಟೆ ಹೊಲಿಯಲು ಬಿಡುತ್ತಿರಲಿಲ್ಲವಂತೆ. ಕುಳ್ಳಗೆ, ಬೆಳ್ಳಿ ಕೂದಲು, ಹೆಗಲಿಗೊಂದು ಚೀಲ.

"ನನಗೆ ಎಲ್ಲಾ ತೋರಿಸೋಕೆ ಒಬ್ಬರು ಬೇಕು," ಎಂದರು.

"ನಮ್ಮ ಸೂಪರ್‌ವೈಸರ್ ಬರ್ತಾರೆ," ಎಂದರು ಯಜಮಾನರು.

ಹೀಗೆ ಪತ್ತೇದಾರಿಯ ಜೊತೆಗಾರ ನಾನಾದೆ.

*

ಮೊದಲು ಮೆಕ್ಯಾನಿಕ್ಕು. ಸೂಜಿ ಮುರಿದಾಗ ಅವನು ಎಂಟನೇ ಮಷೀನಿನ ಕೆಳಗೆ ಅಂಗಾತ ಮಲಗಿ ಬೆಲ್ಟು ಬಿಗಿಯುತ್ತಿದ್ದ.

"ಪಕ್ಕದಲ್ಲೇ ಇದ್ರಿ. ಯಾರಾದ್ರೂ ಓಡಾಡಿದ್ದು ಕಂಡ್ತಾ?"

"ತಲೆ ಮಷೀನೊಳಗೆ ತೂರಿಸಿದ್ದೆ ತಾಯಿ. ಆನೆ ಬಂದಿದ್ರೂ ಕಾಣ್ತಿರ್ಲಿಲ್ಲ."

"ಕೇಳಿಸ್ತಾ?"

ಅವನು ನನ್ನನ್ನೊಮ್ಮೆ ನೋಡಿ ತಲೆ ಕೆರೆದುಕೊಂಡ. "ಯಾರೋ ಬೈತಾ ಇದ್ದಂಗಿತ್ತು. ದೂರದಿಂದ್ಲೋ ಹತ್ರದಿಂದ್ಲೋ ಹೇಳೋಕಾಗಲ್ಲ."

"ಬೈದದ್ದು ನಾನೇ. ಬಾಗಿಲಿಂದಲೇ ಬೈದೆ," ಎಂದೆ. ನನ್ನನ್ನು ಯಾರೂ ಪ್ರಶ್ನೆ ಕೇಳಿರಲಿಲ್ಲ. ನರ್ಸಮ್ಮ ತಲೆಯಾಡಿಸಿದರು, ಅಷ್ಟೆ.

ಅಲ್ಲಿಂದ ಇಸ್ತ್ರಿ ಕೋಣೆಗೆ. ಅದು ನಾಲ್ಕು ಮೆಟ್ಟಿಲು ಕೆಳಗೆ. ನೆಲದ ತುಂಬ ಬಿಳಿ ಹಾಸು, ಅದರ ಮೇಲೆ ಅಂಗಿಗಳ ಸಾಲು. ಅಲ್ಲಿ ಇಸ್ತ್ರಿ ಅಜ್ಜಿಯದೇ ರಾಜ್ಯ. ನಾನು ಮೆಟ್ಟಿಲಿಳಿಯುವಾಗ ನರ್ಸಮ್ಮ ಹಿಂದೆಯೇ ನಿಂತಿದ್ದರು. ಮುಂದೆ ಹೋಗಿ ಎಂದರೂ ಹೋಗಲಿಲ್ಲ.

"ನನ್ನ ಹಾಸಿನ ಗತಿ ನೋಡಮ್ಮ!" ಎಂದು ಅಜ್ಜಿ ಶುರು ಮಾಡಿದಳು. "ಹಾಲಿನಂಗಿದ್ದದ್ದು. ನಿನ್ನೆ ಸಂಜೆ ನೋಡ್ತೀನಿ, ಚುಕ್ಕಿ ಚುಕ್ಕಿ. ಆ ಮೆಕ್ಯಾನಿಕ್ಕಿನ ಎಣ್ಣೆ ಕಾಲು ಮುರಿಯಾ!"

"ನಾನು ಈ ಕಡೆ ಬಂದು ವಾರ ಆಯ್ತಜ್ಜಿ!" ಮೇಲಿನಿಂದ ಮೆಕ್ಯಾನಿಕ್ಕು ಕೂಗಿದ.

"ಬರದೆ ಎಣ್ಣೆ ಗಾಳೀಲಿ ಹಾರಿ ಬಂತೇನೋ?"

ನರ್ಸಮ್ಮ ಮಂಡಿಯೂರಿ ಕೂತರು. ಎಳ್ಳಿನಷ್ಟು ಕಂದು ಚುಕ್ಕಿಗಳು. ಒಂದು ಇಲ್ಲಿ, ಇನ್ನೊಂದು ಎರಡು ಹೆಜ್ಜೆ ದಾಟಿ.

"ಮಷೀನಿನ ಎಣ್ಣೇನೇ ಇರಬೇಕು," ಎಂದೆ ನಾನು.

"ಈ ಹಾಸು ನಿನ್ನೇದಾ ಅಜ್ಜಿ?"

"ನಿನ್ನೇದು ಒಗೆಯೋಕೆ ಹಾಕಿದೀನಿ. ಇದು ಇವತ್ತು ಬೆಳಿಗ್ಗೆ ಹಾಸಿದ ಹೊಸಾದು. ಇದಕ್ಕೂ ಬಿತ್ತಲ್ಲ, ಅದೇ ನನ್ನ ಹೊಟ್ಟೆ ಉರಿ."

"ಇವತ್ತು ಬೆಳಿಗ್ಗೆಯಿಂದ ಇಲ್ಲಿಗೆ ಯಾರ್ ಯಾರು ಬಂದ್ರು?"

"ಅಂಗಿ ಹೊತ್ಕೊಂಡು ಮೂರ್ನಾಲ್ಕು ಜನ. ಯಜಮಾನ್ರು. ಈ ನಿಮ್ಮ ಜೊತೇಲಿರೋರು."

ನರ್ಸಮ್ಮ ಚೀಲದಿಂದ ಪುಟ್ಟ ಬಾಟಲಿ ತೆಗೆದರು. ಗಾಯ ತೊಳೆಯುವ ಔಷಧಿ. ಒಂದು ಚುಕ್ಕಿಯ ಮೇಲೆ ಒಂದು ಹನಿ ಬಿಟ್ಟರು. ಬುರುಬುರನೆ ಬಿಳಿ ನೊರೆ ಎದ್ದಿತು.

"ಎಣ್ಣೆಗೆ ಹೀಗೆ ನೊರೆ ಬರಲ್ಲ," ಎಂದರು.

*

ನಾದಿನಿ ಹೊರಗೆ ಚಪ್ಪಲಿ ಗೂಡಿನ ಪಕ್ಕದ ಬೆಂಚಿನ ಮೇಲೆ ಕೂತಿದ್ದಳು. ಬೆಳಿಗ್ಗೆ ಎಂಟರಿಂದ ಅಲ್ಲೇ. ಒಳಗೆ ಬಿಟ್ಟಿರಲಿಲ್ಲ. ಅತ್ತು ಅತ್ತು ಕಣ್ಣು ಊದಿತ್ತು. ನನ್ನನ್ನು ಕಂಡು ಎದ್ದು ನಿಂತಳು. ಆ ಹೊತ್ತಿನಲ್ಲೂ ಎದ್ದು ನಿಂತಳಲ್ಲ, ಅದನ್ನು ನೆನೆದರೆ ಈಗಲೂ ನನಗೆ ಊಟ ಸೇರುವುದಿಲ್ಲ.

"ಕೂತ್ಕೊಳಮ್ಮ. ನಿನ್ನೆ ಏನಾಯ್ತು, ಒಂದೊಂದಾಗಿ ಹೇಳು."

"ಕಾಲರ್ ತಿರುವಿನಲ್ಲಿ ಟಕ್ ಅಂತು. 'ಸೂಜಿ!' ಅಂತ ಕೂಗಿದೆ. ಎರಡು ಚೂರು ಮಷೀನ್ ಹಲಗೆ ಮೇಲೇ ಇತ್ತು. ಮೂರನೇದು ಹಾರ್ತು. ಎಲ್ಲಿಗೆ ಅಂತ ನೋಡೋ ಅಷ್ಟರಲ್ಲಿ ಸರ್ ಬಂದ್ರು."

"ಎಲ್ಲಿಂದ?"

"ಬಾಗಿಲಿಂದ. ನನ್ನ ಕುರ್ಚಿ ಎಡಕ್ಕೆ ಬಂದು ನಿಂತ್ರು. 'ತಿಂಗಳಿಗೆ ಎಷ್ಟು ಸೂಜಿ ಮುರೀತೀಯೇ' ಅಂದ್ರು. ಆಮೇಲೆ ವಾಪಸ್ ಹೋದ್ರು."

"ಸುಳ್ಳು," ಎಂದೆ. ನನ್ನ ದನಿ ನನಗೇ ಬೇರೆಯವರದೆನಿಸಿತು.

ಅವಳು ನನ್ನತ್ತ ನೋಡಲಿಲ್ಲ. ನರ್ಸಮ್ಮ ಕೇಳಿದರು:

"ಇವರು ಬಂದಾಗ ಹೇಗಿದ್ರು?"

"ಹೇಗಿದ್ರು ಅಂದ್ರೆ?"

"ನೀನೇ ಹೇಳು."

ಅವಳ ಬಾಯಿ ತೆರೆಯಿತು. ಮುಚ್ಚಿತು. "ಯಾವಾಗ್ಲೂ ಇರೋ ಹಾಗೆ ಇದ್ರು."

"ಅಷ್ಟೇನಾ? ಇನ್ನೇನೂ ಇಲ್ವಾ? ನಿನ್ನ ಕೆಲಸ ಹೋಗ್ತಾ ಇದೆ, ಗೊತ್ತಲ್ಲ?"

"ಅಷ್ಟೇ ಅಮ್ಮ."

ಅವಳು ಒಂದು ಮಾತು ನುಂಗಿಕೊಂಡಳು. ಯಾವ ಮಾತೆಂದು ನನಗೆ ಗೊತ್ತಿತ್ತು. ಯಾಕೆ ನುಂಗಿದಳೆಂದೂ ಗೊತ್ತಿತ್ತು. ಆ ಮಾತು ಹೊರಬಿದ್ದರೆ ಸಂಜೆಯೊಳಗೆ ಅವಳ ಅಕ್ಕನ ಕಿವಿಗೆ ಮುಟ್ಟುತ್ತದೆ. ಅಕ್ಕನ ಸಂಸಾರ ಉಳಿಯಲೆಂದು ಆ ಹುಡುಗಿ ತನ್ನ ಅನ್ನಕ್ಕೆ ಕಲ್ಲು ಹಾಕಿಕೊಂಡು ಕೂತಿದ್ದಳು. ನಾನು ಏನು ಮಾಡಿದೆ? ಗೂಡಿನಲ್ಲಿದ್ದ ಚಪ್ಪಲಿಗಳನ್ನು ನೋಡುತ್ತಾ ನಿಂತೆ.

*

ವಾಪಸು ಬರುವಾಗ ಓಣಿಯಲ್ಲಿ ನರ್ಸಮ್ಮ ಲೋಕಾಭಿರಾಮವಾಗಿ ಮಾತಿಗೆಳೆದರು.

"ಸೂಪರ್‌ವೈಸರೇ, ಸಕ್ಕರೆ ಕಾಯಿಲೆ ಇದೆಯಾ?"

"ಇಲ್ಲಮ್ಮ. ಪರೀಕ್ಷೆ ಮಾಡಿಸಿದ್ದೆ. ಇಲ್ಲ ಅಂದ್ರು."

"ಕಾಲು ಉರಿಯುತ್ತಾ?"

"ಮಲಗಿದಾಗ ಸ್ವಲ್ಪ. ದಿನವಿಡೀ ನಿಂತಿರೋ ಕೆಲಸ ನೋಡಿ."

"ಏನ್ ಹಚ್ತೀರಿ?"

"ಹೆಂಡತಿ ಎಣ್ಣೆ ತಿಕ್ತಾಳೆ."

"ಮೇಲೆ ಎಣ್ಣೆ. ಒಳಗೆ?"

ನಾನು ನೆಲ ನೋಡುತ್ತಾ ಮುಂದೆ ನಡೆದೆ.

"ಇಲ್ಲೇ ನಿಂತ್ಕೊಳ್ಳಿ. ಪಾದ ಎರಡೂ ಜೋಡಿಸಿ. ಹಾಂ. ಈಗ ಕಣ್ಣು ಮುಚ್ಚಿ."

ಮುಚ್ಚಿದೆ. ನೆಲ ಎಲ್ಲಿದೆಯೆಂದೇ ತಿಳಿಯಲಿಲ್ಲ. ಓಲಾಡಿದೆ. ಬೀಳುವ ಮೊದಲೇ ಅವರ ಕೈ ನನ್ನ ತೋಳು ಹಿಡಿದಿತ್ತು.

"ಯಜಮಾನರ ಕೋಣೆಗೆ ಹೋಗೋಣ," ಎಂದರು ಮೆಲ್ಲಗೆ. "ಎಲ್ಲರನ್ನೂ ಕರೀಬೇಕು. ನಿಮ್ಮ ನಾದಿನೀನೂ ಸೇರಿ."

*

ಕೋಣೆಯಲ್ಲಿ ಆರು ಜನ. ಯಜಮಾನರು ಮೇಜಿನ ಹಿಂದೆ. ಮೆಕ್ಯಾನಿಕ್ಕು, ಇಸ್ತ್ರಿ ಅಜ್ಜಿ ಗೋಡೆಗೊರಗಿ. ನಾದಿನಿ ಬಾಗಿಲ ಮೂಲೆಯಲ್ಲಿ. ನಡುವೆ ಕುರ್ಚಿಯಲ್ಲಿ ನಾನು. ಎದುರಿಗೆ ಸ್ಟೂಲಿನ ಮೇಲೆ ನರ್ಸಮ್ಮ.

"ಎಡಗಾಲು ಕೊಡಿ," ಎಂದರು.

"ಯಾಕಮ್ಮ?"

"ಕೊಡಿ."

ಕಪ್ಪು ದಪ್ಪ ಸಾಕ್ಸು. ನಾನು ಎರಡು ವರ್ಷದಿಂದ ಅಂಥದ್ದೇ ಹಾಕುವುದು. ನಿನ್ನೆ ರಾತ್ರಿ ಅದನ್ನು ಬಿಚ್ಚದೆಯೇ ಮಲಗಿದ್ದೆ. ಅವರು ಅದನ್ನು ಮೆಲ್ಲಗೆ ಸುರುಳಿ ಸುತ್ತುತ್ತಾ ತೆಗೆದರು. ಅಡಿಭಾಗ ಒಣಗಿ ರಟ್ಟಿನಂತೆ ಗಟ್ಟಿಯಾಗಿತ್ತು. ಅಜ್ಜಿ "ಅಯ್ಯೋ ಶಿವನೇ" ಎಂದಳು. ನನಗೆ ಅಂಗಾಲು ಕಾಣುತ್ತಿರಲಿಲ್ಲ. ನರ್ಸಮ್ಮ ಪಾದವನ್ನು ಮಡಿಲಲ್ಲಿಟ್ಟುಕೊಂಡು, ಔಷಧಿ ಸುರಿದು, ಚೀಲದಿಂದ ಚಿಮಟ ತೆಗೆದರು.

"ಮೆಲ್ಲಗೆ ತೆಗೀರಮ್ಮ," ಎಂದೆ.

"ಸರಿ. ನೋವಾದ್ರೆ ಹೇಳಿ."

ಹಲ್ಲು ಕಚ್ಚಿ ಕೂತೆ. ಒಂದು ನಿಮಿಷ ಕಳೆಯಿತು.

"ತೆಗೀತಾ ಇದೀರಾ?"

"ತೆಗೆದಾಯ್ತು."

ಚಿಮಟದ ತುದಿಯಲ್ಲಿ ಸಣ್ಣದೊಂದು ಹೊಳಪು. ಅದನ್ನು ಒರೆಸಿ ಕಾರ್ಡಿನ ಖಾಲಿ ಜಾಗಕ್ಕೆ ಹಿಡಿದರು. ನಡುವಿನ ಚೂರಿನ ಮುರುಕಿಗೂ ಇದರ ಮುರುಕಿಗೂ ಸರಿಯಾಗಿ ಹೊಂದಿತು.

"ಎಣಿಕೆ ಸರಿ ಹೋಯ್ತು," ಎಂದರು ನರ್ಸಮ್ಮ. "ಅಂಗಿಗಳನ್ನ ಕಳಿಸಬಹುದು. ಆ ರಕ್ತದ ಹಾಸಿನ ಮೇಲಿದ್ದವನ್ನ ಮಾತ್ರ ಮತ್ತೆ ಒಗೆಸಿ."

ಯಜಮಾನರು ಕಾರ್ಡು ಇಸಿದುಕೊಂಡು ತಿರುಗಿಸಿ ತಿರುಗಿಸಿ ನೋಡಿದರು. ಕೊನೆಗೆ, "ನಿಮಗೆ ಹೇಗಮ್ಮ ಗೊತ್ತಾಯ್ತು?" ಎಂದರು.

"ನೀವು ಎಲ್ಲಾ ಹುಡುಕಿದ್ರಿ. ಹುಡುಕೋರನ್ನ ಹುಡುಕಲಿಲ್ಲ. ಥಿಯೇಟರಿನಲ್ಲಿ ಸೂಜಿ ಕಳೆದ್ರೆ ನಾವು ನಮ್ಮ ಕಾಲಡೀನೂ ನೋಡ್ಕೋತಿದ್ವಿ. ನೀವ್ಯಾರೂ ನೋಡಲಿಲ್ಲ. ಯಾಕೆ? ಕಾಲಿಗೆ ಚುಚ್ಚಿದ್ರೆ ಚುಚ್ಚಿಸಿಕೊಂಡೋರು ಕೂಗ್ತಾರೆ ಅಂತ ನಂಬಿದ್ರಿ. ಆ ಚುಕ್ಕಿ ಎಣ್ಣೆ ಅಲ್ಲ, ರಕ್ತ. ನಿನ್ನೆ ಹಾಸಿನ ಮೇಲೂ ಬಿತ್ತು, ಇವತ್ತಿನ ಹೊಸ ಹಾಸಿನ ಮೇಲೂ ಬಿತ್ತು. ಅಂದ್ರೆ ಸೂಜಿ ಎಲ್ಲೂ ಬಿದ್ದಿಲ್ಲ, ಇನ್ನೂ ಓಡಾಡ್ತಾ ಇದೆ. ಒಂದು ಚುಕ್ಕಿ, ಎರಡು ಹೆಜ್ಜೆ, ಮತ್ತೊಂದು ಚುಕ್ಕಿ. ಒಂದೇ ಕಾಲು. ಚುಚ್ಚಿದ್ದು ಗೊತ್ತಾಗದೆ ಇರೋ ಕಾಲು ಯಾರದು? ಇವರು ಮೆಟ್ಟಿಲಿಳಿಯೋವಾಗ ಪ್ರತಿ ಹೆಜ್ಜೇನೂ ಕಣ್ಣಲ್ಲಿ ನೋಡಿ ಇಡ್ತಾರೆ. ಕಣ್ಣು ಮುಚ್ಚಿದ್ರೆ ನಿಲ್ಲೋಕಾಗಲ್ಲ."

"ಆದ್ರೆ ಕಾಲು ಉರಿ ಅಂತ ಇವನೇ ಒದ್ದಾಡ್ತಾನೆ. ಉರಿಯೋ ಕಾಲಿಗೆ ಸೂಜಿ ಗೊತ್ತಾಗಲ್ವಾ?" ಎಂದರು ಯಜಮಾನರು.

"ನರ ಕೆಟ್ರೆ ಹಾಗೇನೇ. ಇಲ್ಲದ ಬೆಂಕಿ ಸುಡುತ್ತೆ, ಇರೋ ಸೂಜಿ ಚುಚ್ಚಲ್ಲ." ಅವರು ನನ್ನತ್ತ ತಿರುಗಿದರು. "ಎಷ್ಟು ವರ್ಷದಿಂದ ಕುಡೀತಿದೀರಿ?"

ನಾದಿನಿ ನೆಲ ನೋಡುತ್ತಿದ್ದಳು.

"ಹನ್ನೆರಡು," ಎಂದೆ.

"ಉರಿ ಶುರುವಾಗಿ?"

"ಮೂರು. ಮೊದಲು ಬೆರಳು ಜುಮುಜುಮು ಅಂತಿತ್ತು. ಆಮೇಲೆ ಉರಿ. ಈಗ ಹತ್ತಿ ಮೇಲೆ ನಡೆದ ಹಾಗೆ... ಕುಡಿದ್ರೆ ಕಮ್ಮಿಯಾಗುತ್ತಮ್ಮ. ನಿಜವಾಗ್ಲೂ ಕಮ್ಮಿಯಾಗುತ್ತೆ."

"ಎಷ್ಟು ಹೊತ್ತು?"

"ಒಂದೆರಡು ಗಂಟೆ."

"ಆಮೇಲೆ?"

"ಮೊದಲಿಗಿಂತ ಜಾಸ್ತಿ."

"ಅದಕ್ಕೆ ಮತ್ತೆ ಕುಡೀತೀರಿ. ಈಗ ಮಧ್ಯಾಹ್ನಾನೂ ಬೇಕಾಗಿದೆ. ಸ್ವಾಮಿ, ಅದು ನೋವಿನ ಔಷಧಿ ಅಲ್ಲ. ನೋವು ಹುಟ್ಟಿಸ್ತಿರೋದೇ ಅದು. ಹೆಂಡ ನರಾನ ನೇರವಾಗಿ ಸುಡುತ್ತೆ. ಜೊತೆಗೆ ನೀವು ಊಟ ಬಿಡ್ತೀರಿ, ತಿಂದದ್ದೂ ಮೈಗೆ ಹತ್ತಲ್ಲ, ನರಕ್ಕೆ ಬೇಕಾದ ವಿಟಮಿನ್ ಸಿಗಲ್ಲ. ಎಲ್ಲಕ್ಕಿಂತ ಉದ್ದದ ನರ ಪಾದದ್ದು. ಅದು ಮೊದಲು ಹೋಗುತ್ತೆ."

"ಬಿಟ್ಟರೆ ಸರಿಹೋಗುತ್ತಾ?"

"ಇನ್ನೂ ಹಾಳಾಗೋದು ನಿಲ್ಲಬಹುದು. ಹೋಗಿರೋದು ಸ್ವಲ್ಪ ವಾಪಸ್ ಬರಬಹುದು, ಅದಕ್ಕೂ ತಿಂಗಳುಗಟ್ಟಲೆ ಬೇಕು. ಪೂರ್ತಿ ಬರುತ್ತೆ ಅಂತ ನಾನು ಹೇಳಲ್ಲ. ಮತ್ತೆ, ಇವತ್ತೇ ಹಟಕ್ಕೆ ಬಿದ್ದು ಒಂದೇ ಸಲ ನಿಲ್ಲಿಸಬೇಡಿ, ಮೈ ನಡುಗಿ ಫಿಟ್ಸ್ ಬರಬಹುದು. ಡಾಕ್ಟರ ಹತ್ರ ಹೋಗಿ, ಅವರು ಹೇಳಿದ ಹಾಗೆ ಬಿಡಿ. ಈ ಗಾಯಾನೂ ತೋರಿಸಿ."

ಅವರು ಗಾಯಕ್ಕೆ ಬಟ್ಟೆ ಸುತ್ತಿದರು. ಅಷ್ಟು ಹೊತ್ತಿಗೆ ಯಜಮಾನರು ಎದ್ದು ನಿಂತಿದ್ದರು.

"ಅಂದ್ರೆ ನೀನು ನಡೆದು ಹೋಗಿದ್ದೆ."

"ಹೌದು ಸ್ವಾಮಿ."

"ಕಟ್ಟಳೆ ಮಾಡಿದವನೇ ನೀನು!"

"ಹೌದು. ಊಟಕ್ಕೆ ಅಂತ ಹೋಗಿ ಕುಡಿದು ಬಂದಿದ್ದೆ. ಕೆಲಸದ ಹೊತ್ತಲ್ಲೂ ಕುಡೀತೀನಿ ಅಂತ ಹೆಂಡತಿಗೂ ಗೊತ್ತಿಲ್ಲ. ಕೂಗು ಬಿದ್ದಾಗ ತಲೆ ನೆಟ್ಟಗಿರಲಿಲ್ಲ. ಸಿಟ್ಟು ಬಂತು, ಹೋದೆ. ಅರ್ಧ ದಾರಿಯಲ್ಲಿ ನೆನಪಾಯ್ತು, ಆಗಲೇ ತಡವಾಗಿತ್ತು. ನೀವು ಕೇಳಿದಾಗ ಹೂಂ ಅಂದಿದ್ರೆ ಹತ್ರ ಕರೆದು ಮಾತಾಡಿಸ್ತಿದ್ರಿ, ವಾಸನೆ ಬರ್ತಿತ್ತು. ಅದಕ್ಕೆ..."

"ಈ ಹುಡುಗೀನ ಸುಳ್ಳಿ ಮಾಡ್ದೆ."

"ಮಾಡ್ದೆ."

ಅಜ್ಜಿ ಮುಖ ತಿರುಗಿಸಿಕೊಂಡಳು. ಮೆಕ್ಯಾನಿಕ್ಕು ತನ್ನ ಕೈಗಳನ್ನು ನೋಡಿಕೊಳ್ಳುತ್ತಿದ್ದ. ಭೂಮಿ ಬಾಯಿಬಿಟ್ಟು ನನ್ನನ್ನು ನುಂಗಬಾರದೇ ಎಂದು ಜನ ಸುಮ್ಮನೆ ಹೇಳುವುದಿಲ್ಲ.

ನಾದಿನಿಯ ಹತ್ತಿರ ನಾನೇ ಹೋದೆ. ಎಡಗಾಲು ಎಲ್ಲಿ ಊರಿತೆಂದು ನೋಡುತ್ತಾ, ಗೋಡೆ ಹಿಡಿದು. ಆಗಲೂ ನನ್ನ ಬುದ್ಧಿ ನೋಡಿ. ನರ್ಸಮ್ಮ ಹೇಳಿದ ನರದ ಕಥೆಯೇ ಕೈಗೆ ಸಿಕ್ಕ ಆಸರೆಯಾಯಿತು.

"ತಪ್ಪಾಯ್ತು ಕಣಮ್ಮ. ಸೂಜಿ ನನ್ನ ಕಾಲಲ್ಲೇ ಇದೆ ಅಂತ ನಂಗೆ ಗೊತ್ತೇ ಆಗ್ಲಿಲ್ಲ. ದೇವರಾಣೆ ಗೊತ್ತಾಗ್ಲಿಲ್ಲ."

ಅವಳು ತಲೆಯೆತ್ತಿದಳು. ಆ ದಿನ ಮೊದಲ ಸಲ ನನ್ನ ಮುಖವನ್ನು ನೇರವಾಗಿ ನೋಡಿದಳು. ಕಣ್ಣಲ್ಲಿ ನೀರಿರಲಿಲ್ಲ.

"ಕಾಲಿಗೆ ಗೊತ್ತಾಗ್ಲಿಲ್ಲ, ಸರಿ ಭಾವ," ಎಂದಳು. "ಬಾಯಿಗೆ ಗೊತ್ತಿತ್ತಲ್ಲ?"

ಆಮೇಲೆ ಯಜಮಾನರಿಗೆ ಹೇಳಿ, ಹೊಸ ಸೂಜಿ ಇಸಿದುಕೊಂಡು, ಏಳನೇ ಮಷೀನಿಗೆ ಹೋಗಿ ಕೂತಳು.